ಕೆಂಪು ರುಮಾಲಿನ ಹೆಂಗಸರು

ಸಿಂಗಪುರದ ಚೀನೀಯರ ಕೇರಿಗೆ ಮಲಯ ಭಾಷೆಯಲ್ಲಿ ‘ಕ್ರೇತಾ ಆಯರ್’ ಎಂದು ಹೆಸರು. ಗಾಡಿಯ ನೀರು ಎಂದು ಅದರ ಅರ್ಥ. ಮನೆಮನೆಗೆ ನಲ್ಲಿಗಳು ಬರುವುದಕ್ಕೆ ಮುಂಚೆ ಎತ್ತಿನ ಗಾಡಿಗಳು ಈ ಭಾಗಕ್ಕೆ ನೀರು ಹೊತ್ತು ತರುತ್ತಿದ್ದುವಂತೆ. ಈಗ ಅಲ್ಲಿ ಎತ್ತೂ ಇಲ್ಲ, ಗಾಡಿಯೂ ಇಲ್ಲ, ಹೆಸರೊಂದು ಉಳಿದುಕೊಂಡಿದೆ. ಈ ಕೇರಿಯ ಅಂಚಿನಲ್ಲಿ ಹಾದುಹೋಗುವ ಸೌತ್ ಬ್ರಿಜ್ ರಸ್ತೆಯಲ್ಲಿ ನಡೆದುಹೋಗುವ ಕನ್ನಡಿಗನಿಗೆ ಚೀನೀಯರಿಗಿಂತ ಮೊದಲು ಕಾಣಿಸುವುದು ನಮ್ಮ ಮಾರಿಯಮ್ಮನ ಗೋಪುರ! 1827ರಲ್ಲಿ ಸ್ಥಾಪಿತವಾದ ಈ ಗುಡಿ ಸಿಂಗಪುರದ ಹಿಂದೂ ದೇವಾಲಯಗಳಲ್ಲೆಲ್ಲ ಹಳೆಯದು. ಅದರ ಸಮೀಪದಲ್ಲೇ ಚೋಳಮಂಡಲ ತೀರದಿಂದ ಬಂದ ತಮಿಳು ಮುಸಲ್ಮಾನರ ಮಸೀದಿ. ಅಲ್ಲಿಂದ ಸ್ವಲ್ಪ ಮುಂದೆ ನಡೆದರೆ ಬುದ್ಧನ ದಂತಾವಶೇಷವನ್ನು ಇರಿಸಿದೆಯೆಂದು ಭಕ್ತರು ನಂಬುವ, 2007ರಲ್ಲಿ ಪೂರ್ಣವಾದ ಚೀನೀ ದೇವಾಲಯ. ಗಂಟೆ, ಬಾಂಗು, ಧೂಪ ಎಲ್ಲವೂ ಒಂದೇ ರಸ್ತೆಯಲ್ಲಿ. ಈ ಊರಿನಲ್ಲಿ ಹೊರಗಿನಿಂದ ಬಾರದವರು ಯಾರು ಎಂದು ಹುಡುಕಹೊರಟರೆ ಬಹಳ ಶ್ರಮಪಡಬೇಕಾದೀತು.

ಆ ಚೀನೀ ದೇವಾಲಯದ ಎದುರು ಬದಿಯಲ್ಲಿ ಒಂದು ಹಳೆಯ ಅಂಗಡಿಮನೆಯ ಗೋಡೆಯ ಮೇಲೆ ಬಹು ದೊಡ್ಡದಾದ ವರ್ಣಚಿತ್ರವೊಂದನ್ನು ಬರೆದಿದ್ದಾರೆ. ತಲೆಗೆ ಕೆಂಪು ರುಮಾಲನ್ನು ಕಟ್ಟಿದ ಒಬ್ಬ ಚೀನೀ ಯುವತಿ. ಕೆಲಸ ಮುಗಿಸಿ ಕುಳಿತವಳ ನಿರಾಳ ಆಕೆಯ ಮುಖದಲ್ಲಿದೆ. ಬೆರಳುಗಳ ನಡುವೆ ಉರಿಯುತ್ತಿರುವ ಸಿಗರೇಟು ಇದೆ. ಇದನ್ನು ಬರೆದವನು ಸಿಂಗಪುರದಲ್ಲಿ ನೆಲೆಸಿರುವ ಅಮೆರಿಕದ ಕಲಾವಿದ ಶಾನ್ ಡನ್‌ಸ್ಟನ್. 2024ರಲ್ಲಿ ಈ ಒಂದು ಸಿಗರೇಟು ಸಿಂಗಪುರದಲ್ಲಿ ಎಬ್ಬಿಸಿದ ಹೊಗೆ ಅಷ್ಟಿಷ್ಟಲ್ಲ.

ಚಿತ್ರ ಮುಗಿದ ಸ್ವಲ್ಪ ದಿನಗಳಲ್ಲಿ ನಾಗರಿಕರೊಬ್ಬರು ಆ ದೇಶದ ನಗರ ಪುನರಭಿವೃದ್ಧಿ ಪ್ರಾಧಿಕಾರಕ್ಕೆ ದೂರು ಕೊಟ್ಟರು. ಈ ಚಿತ್ರ ನಮ್ಮ ಶ್ರಮಜೀವಿ ಹಿರಿಯ ಹೆಂಗಸರಿಗೆ ಅಪಮಾನ; ಇವಳನ್ನು ನೋಡಿದರೆ ಕೂಲಿ ಮಾಡಿದವಳಂತೆ ಕಾಣುವುದಿಲ್ಲ, ಮೈ ಮಾರಿಕೊಳ್ಳುವವಳಂತೆ ಕಾಣುತ್ತಾಳೆ ಎಂಬುದು ದೂರಿನ ತಾತ್ಪರ್ಯ. ಅಧಿಕಾರಿಗಳು ಸಿಗರೇಟನ್ನು ಅಳಿಸಿ ಬೇರೇನನ್ನಾದರೂ ಬರೆಯುವಂತೆ ಸೂಚಿಸಿದರು. ಧೂಮಪಾನಕ್ಕೆ ಪ್ರೋತ್ಸಾಹ ಸಿಕ್ಕಂತಾದೀತೆಂದು ಆರೋಗ್ಯ ಖಾತೆಯವರ ಕಳವಳ ಬೇರೆ. ಆದರೆ ಊರಿನ ಜನ ಸುಮ್ಮನಿರಲಿಲ್ಲ. ಆ ಹೆಂಗಸರು ಸೇದುತ್ತಿದ್ದುದು ನಿಜವಲ್ಲವೆ, ನಿಜವನ್ನು ಬರೆದರೆ ಅಪಮಾನ ಹೇಗಾಗುತ್ತದೆ ಎಂದು ಕೇಳಿದರು. ಹಳೆಯ ಛಾಯಾಚಿತ್ರಗಳನ್ನು ಹುಡುಕಿ ತೆಗೆದರು. ಕಡೆಗೆ 2024ರ ಜುಲೈನಲ್ಲಿ ಚಿತ್ರ ಇದ್ದಂತೆಯೇ ಇರಬಹುದೆಂದು ತೀರ್ಮಾನವಾಯಿತು. ಮುಂಚಿತವಾಗಿ ಅನುಮತಿ ಪಡೆಯಲಿಲ್ಲವೆಂದು ಕಟ್ಟಡದ ಒಡೆಯರಿಗೆ 2,000 ಡಾಲರು ದಂಡ ಬಿದ್ದಿತು. ಸಿಗರೇಟು ಉಳಿಯಿತು.

ಯಾರು ಈ ಹೆಂಗಸರು? ಇವರನ್ನು ಸಿಂಗಪುರದವರು ‘ಸಾಮ್‌ಸುಯಿ’ ಹೆಂಗಸರೆಂದು ಕರೆಯುತ್ತಾರೆ. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಮೂರು ನದಿಗಳು ಕೂಡುವ ಒಂದು ಸೀಮೆಯಿದೆ. ಚೀನೀಯರು ಅದನ್ನು ಸಾನ್‌ಶ್ವೇ ಎನ್ನುತ್ತಾರೆ. ಮೂರು ನೀರು ಎಂದು ಅರ್ಥ. ಅಲ್ಲಿನ ಕ್ಯಾಂಟನೀಸ್ ನುಡಿಯಲ್ಲಿ ಅದೇ ಸಾಮ್‌ಸುಯಿ. ಗಾಡಿಯ ನೀರಿನ ಕೇರಿಗೆ ಮೂರು ನೀರಿನ ಹೆಂಗಸರು ಬಂದು ಸೇರಿದ್ದು ಒಂದು ವಿನೋದ. ಅವರು ಬಂದ ಕಾರಣದಲ್ಲಿ ಮಾತ್ರ ವಿನೋದವೇನೂ ಇರಲಿಲ್ಲ. ಆ ಸೀಮೆಯಲ್ಲಿ ನೆರೆ ಹೆಚ್ಚು, ಬಡತನವೂ ಹೆಚ್ಚು. 1930ರ ಸುಮಾರಿನಲ್ಲಿ ಜಗತ್ತನ್ನೆಲ್ಲ ಹಿಡಿದ ಆರ್ಥಿಕ ಮುಗ್ಗಟ್ಟು ಅವರನ್ನೂ ಬಿಡಲಿಲ್ಲ. ಅದೇ ಮುಗ್ಗಟ್ಟಿನಿಂದ ಸಿಂಗಪುರದಲ್ಲಿಯೂ ಗಂಡಸರಿಗೆ ಕೆಲಸವಿಲ್ಲದಂತಾದಾಗ ಅಲ್ಲಿನ ಬ್ರಿಟಿಷ್ ಸರ್ಕಾರ 1930ರಿಂದ ಹೊರಗಿನಿಂದ ಬರುವ ಗಂಡಸರ ಸಂಖ್ಯೆಗೆ ಮಿತಿ ಹಾಕಿತು. ಹೆಂಗಸರಿಗೆ ಮಿತಿ ಹಾಕಲು ಮಾತ್ರ ಯಾರಿಗೂ ತೋಚಲಿಲ್ಲ. ಹೆಂಗಸು ಬಂದರೆ ಕೆಲಸ ಕಸಿದುಕೊಳ್ಳುವಳೆ ಎಂದು ಅಧಿಕಾರಿಗಳು ಭಾವಿಸಿರಬೇಕು! ಆ ಬಾಗಿಲು 1938ರಲ್ಲಿ ಮುಚ್ಚುವವರೆಗೂ ಹಡಗಿನ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದಿಳಿದರು. ಕೆಲವರು ಮದುವೆಯಾಗುವುದಿಲ್ಲವೆಂದು ಪಣ ತೊಟ್ಟವರು, ಹಲವರು ಊರಿನಲ್ಲಿ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಬಂದವರು, ವಿಧವೆಯರೂ ಇದ್ದರು.

ಅವರು ಹಿಡಿದ ಕೆಲಸ ಕಟ್ಟಡದ ಕೂಲಿ. ಮಣ್ಣು ಅಗೆಯುವುದು, ಇಟ್ಟಿಗೆ ಹೊರುವುದು, ಹೆಗಲ ಮೇಲೆ ಅಡ್ಡೆಯಿಟ್ಟು ಎರಡು ಬುಟ್ಟಿ ಮಣ್ಣನ್ನು ತೂಗಿಸಿಕೊಂಡು ಮರದ ಏಣಿಗಳನ್ನು ಹತ್ತುವುದು. ದಿನಕ್ಕೆ ಸುಮಾರು 50–60 ಸೆಂಟು ಕೂಲಿ. ಕಪ್ಪು ಇಲ್ಲವೆ ಕಡುನೀಲಿಯ ದೊಗಲೆ ಅಂಗಿ ಮತ್ತು ಷರಾಯಿ. ಕಾಲಿಗೆ ಹಳೆಯ ಮೋಟಾರು ಟೈರಿನಿಂದ ಕತ್ತರಿಸಿದ ಮೆಟ್ಟು. ತಲೆಗೆ ಗಂಜಿ ಹಾಕಿ ಗಡುಸಾಗಿಸಿ ಚೌಕವಾಗಿ ಮಡಿಸಿದ ಕೆಂಪು ವಸ್ತ್ರ. ದೂರದಿಂದಲೇ ಕಣ್ಣಿಗೆ ಬೀಳುವ ಈ ಕೆಂಪು ಬಣ್ಣ ಎತ್ತರದ ಸಾರುವೆಗಳ ನಡುವೆ ಅಪಾಯವನ್ನು ತಪ್ಪಿಸುತ್ತಿತ್ತು. ಆ ರುಮಾಲಿನ ಮಡಿಕೆಗಳೇ ಅವರ ಕೈಚೀಲವೂ ಆಗಿದ್ದುವು. ಸ್ವಲ್ಪ ಹಣ, ಬೆಂಕಿಪೊಟ್ಟಣ, ಸಿಗರೇಟು ಎಲ್ಲಕ್ಕೂ ಅಲ್ಲಿ ಸ್ಥಳ. ನಮ್ಮ ಅಜ್ಜಿಯರು ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ಕಂಡವರಿಗೆ ಇದು ಅಪರಿಚಿತವಾಗಿ ತೋರದು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಆ ಕಾಲದಲ್ಲಿ ಬಡ ಚೀನೀ ಹೆಂಗಸಿಗೆ ಇದಕ್ಕಿಂತ ಸುಲಭವಾಗಿ ಹಣ ಸಿಕ್ಕುವ ದಾರಿಗಳಿಲ್ಲದೆ ಇರಲಿಲ್ಲ. ಅಫೀಮಿನ ವ್ಯಾಪಾರವಿತ್ತು, ಸೂಳೆಗೇರಿಗಳಿದ್ದುವು. ಸಾಮ್‌ಸುಯಿ ಹೆಂಗಸರು ಹಸಿದಿದ್ದರೂ ಆ ಕಡೆಗೆ ಸುಳಿಯದವರೆಂದು ಹೆಸರಾದರು. ಅಂಥವರ ಕೈಯಲ್ಲಿ ಒಂದು ಸಿಗರೇಟನ್ನು ಕಂಡು, ತೊಂಬತ್ತು ವರ್ಷಗಳ ಅನಂತರ, ಅದೇ ಊರಿನವರೊಬ್ಬರಿಗೆ ಸೂಳೆಯ ನೆನಪಾಯಿತು! ಕಾಲ ಮಾಡುವ ಅನ್ಯಾಯಗಳಲ್ಲಿ ಇದೂ ಒಂದು.

ಅವರು ಬಾಳಿದ ಬೀದಿಗಳು ಹಳೆಯ ರೂಪದಲ್ಲಿ ಈಗ ಉಳಿದಿಲ್ಲ. ಆದರೆ ಬಾರ್ಬರಾ ಕೇ ಎಂಬ ವಿದುಷಿ 1950ರ ದಶಕದಲ್ಲಿ ಈ ಕೇರಿಯ ಅಪ್ಪರ್ ನಾನ್‌ಕಿನ್ ಬೀದಿಯ ಮನೆಗಳನ್ನು ಹೊಕ್ಕು, ಅಲ್ಲಿನ ಸಂಸಾರಗಳ ವಿವರಗಳನ್ನು ಸಂಗ್ರಹಿಸಿ 1960ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಅಂಗಡಿಮನೆಯ ಮಾಳಿಗೆಯನ್ನು ಹಲಗೆಗಳಿಂದ ಗೂಡುಗೂಡಾಗಿ ವಿಭಾಗಿಸಿ ಬಾಡಿಗೆಗೆ ಕೊಡುತ್ತಿದ್ದರು. ಅನೇಕ ಗೂಡುಗಳಿಗೆ ಕಿಟಕಿಯೇ ಇಲ್ಲ. ಅಡಿಗೆಮನೆ ಎಲ್ಲರಿಗೂ ಒಂದೇ. ಒಂದು ಗೂಡನ್ನು ಮೂರು ನಾಲ್ಕು ಹೆಂಗಸರು ಹಂಚಿಕೊಳ್ಳುವರು. ನಸುಕಿನಲ್ಲಿ ಎದ್ದು ಅನ್ನ ಬೇಯಿಸಿ, ಅದರೊಂದಿಗೆ ಉಪ್ಪಿನಲ್ಲಿ ಹಾಕಿಟ್ಟ ಸೋಯಾಗಿಣ್ಣನ್ನೋ ಸೊಪ್ಪನ್ನೋ ಕಟ್ಟಿಕೊಂಡು ಹೊರಟರೆ ಮರಳುವುದು ಸಂಜೆಗೆ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬೀದಿಬದಿಯ ಪತ್ರ ಬರೆಯುವವನ ಮುಂದೆ ಕುಳಿತು ಊರಿಗೆ ಕಾಗದ ಬರೆಸಿ, ಅದರೊಂದಿಗೆ ಹಣ ಕಳುಹಿಸುವರು. ಕೋಳಿಯ ರುಚಿ ಹೊಸವರ್ಷದ ಹಬ್ಬಕ್ಕೆ ಮಾತ್ರ. ಶುಂಠಿಯ ಗೊಜ್ಜಿನಲ್ಲಿ ಅದ್ದಿ ತಿನ್ನುವ ಆ ಕೋಳಿ ಈಗ ಸಾಮ್‌ಸುಯಿ ಕೋಳಿಯೆಂಬ ಹೆಸರಿನಿಂದ ತಂಪು ಹವೆಯ ಹೋಟೆಲುಗಳಲ್ಲಿ ವರ್ಷವಿಡೀ ಸಿಕ್ಕುತ್ತದೆ. ಸಸ್ಯಾಹಾರಿಯಾದ ನನಗೆ ಅದರ ಪರಿಮಳದ ವರದಿಯನ್ನು ಮಾತ್ರ ಒಪ್ಪಿಸಲು ಸಾಧ್ಯ.

ಇಂಥ ದಿನಚರಿಯಲ್ಲಿ ಸಿಗರೇಟಿಗೆ ಯಾವ ಸ್ಥಾನ? ಮಧ್ಯಾಹ್ನದ ಬಿಡುವಿನಲ್ಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತ ಹತ್ತು ನಿಮಿಷ ಅವರ ಪಾಲಿಗೆ ಸ್ವಂತವಾದ ಹತ್ತು ನಿಮಿಷ. ಚಹಾ, ಒಂದು ಸಿಗರೇಟು, ನಾಲ್ಕು ಮಾತು. ಅಲ್ಲಿ ಅತ್ತೆಯಿಲ್ಲ, ಮಾವನಿಲ್ಲ, ಕುಲದ ಹಿರಿಯರಿಲ್ಲ. ಹಣ ತನ್ನದು. ಜೊತೆಯಲ್ಲಿ ಕುಳಿತವರೂ ತನ್ನಂತೆಯೇ ಕೂಲಿ ಮಾಡುವ ಹೆಂಗಸರು, ಬೆರಗಾಗುವವರು ಯಾರು?

ಊರು ಬಿಟ್ಟ ಮೇಲೆ ಹೆಂಗಸರು ಹೊಸದಾಗಿ ಕೆಟ್ಟರು ಎಂದು ಇದನ್ನು ವಿವರಿಸಿದರೆ ತಪ್ಪಾಗುತ್ತದೆ. ಚೀನದ ಹೊಗೆಸೊಪ್ಪಿನ ಚರಿತ್ರೆಯನ್ನು ಕುರಿತು ಕ್ಯಾರಲ್ ಬೆನೆಡಿಕ್ಟ್ 2011ರಲ್ಲಿ ಬರೆದ ಗ್ರಂಥದಿಂದ ಒಂದು ಸೋಜಿಗದ ವಿಷಯ ತಿಳಿಯುತ್ತದೆ. ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಚೀನೀ ಹೆಂಗಸರು ಉದ್ದನೆಯ ಕೊಳವೆಗಳಲ್ಲಿಯೂ ನೀರಿನ ಗುಡುಗುಡಿಗಳಲ್ಲಿಯೂ ಹೊಗೆ ಸೇದುತ್ತಿದ್ದರು. ಸಿರಿವಂತರ ಮನೆಯ ಗೃಹಿಣಿಯರೂ ಇದಕ್ಕೆ ಹೊರತಲ್ಲ. ಮನೆಯ ಒಳಗೆ, ಹಿರಿತನದ ಗಾಂಭೀರ್ಯದಿಂದ ಸೇದಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಾರ್ಖಾನೆಯ ಸಿಗರೇಟು ಬಂದಿತು. ಅದರೊಂದಿಗೆ ಶಾಂಘಾಯಿಯ ಜಾಹೀರಾತುಗಳೂ ಬಂದುವು. ಕತ್ತರಿಸಿದ ಕೂದಲು, ಬಿಗಿಯಾದ ಉಡುಪು, ಬೆರಳಲ್ಲಿ ಸಿಗರೇಟು: ಇದು ‘ಆಧುನಿಕ ಹುಡುಗಿ’ಯ ಚಿತ್ರ. ನೃತ್ಯಶಾಲೆಯವಳು, ವೇಶ್ಯೆ, ಮನೆ ಬಿಟ್ಟವಳು ಎಲ್ಲರನ್ನೂ ಜನ ಆ ಒಂದೇ ಚಿತ್ರದಲ್ಲಿ ಸೇರಿಸಿಬಿಟ್ಟರು. 1934ರಲ್ಲಿ ಚಿಯಾಂಗ್ ಕೈ-ಷೇಕ್ ಆರಂಭಿಸಿದ ‘ನವಜೀವನ’ ಚಳವಳಿ ಬೀದಿಯಲ್ಲಿ ಸೇದುವುದನ್ನು, ಅದರಲ್ಲೂ ಹೆಂಗಸರು ಸೇದುವುದನ್ನು, ಅಸಭ್ಯವೆಂದಿತು. ಹೀಗೆ ಅಜ್ಜಿಯ ಕೊಳವೆ ಗೌರವದ್ದಾಗಿಯೇ ಉಳಿದು, ಮೊಮ್ಮಗಳ ಸಿಗರೇಟು ನಾಚಿಕೆಗೇಡಾಯಿತು. ಒಳಗಿರುವ ಸೊಪ್ಪು ಒಂದೇ!

ಆ ವರ್ಷಗಳಲ್ಲಿಯೇ ನಮ್ಮ ಸಾಮ್‌ಸುಯಿ ಹೆಂಗಸರು ಹಡಗು ಹತ್ತಿದರು. ನನಗೆ ತೋರುವುದು ಇಷ್ಟು: ಊರಿನಲ್ಲಿ ಸೊಸೆಯಾಗಿ ದುಡಿದು, ಅತ್ತೆಯಾಗಿ, ಕೂದಲು ನೆರೆತ ಮೇಲೆ ದೊರೆಯಬಹುದಾಗಿದ್ದ ಹಿರಿತನ ಅವರಿಗೆ ಸಿಂಗಪುರದಲ್ಲಿ ಇಪ್ಪತ್ತೈದನೆಯ ವಯಸ್ಸಿಗೇ ದೊರೆಯಿತು. ಅದನ್ನು ಕೊಟ್ಟದ್ದು ವಯಸ್ಸಲ್ಲ, ದಿನಗೂಲಿ. ಸಂಸಾರಕ್ಕೆ ಅನ್ನ ಹಾಕುವವಳು ಅವಳೇ ಆದ ಮೇಲೆ ಸಂಸಾರದ ಹಿರಿಯಳೂ ಅವಳೇ. ಶಾಂಘಾಯಿಯ ಜಾಹೀರಾತು ಅವಳನ್ನು ಮುಟ್ಟಿರಲಾರದು. ಅವಳ ಸಿಗರೇಟು ತನ್ನ ಅಜ್ಜಿಯ ಕೊಳವೆಯ ಸಂತತಿಯೇ ಹೊರತು ನೃತ್ಯಶಾಲೆಯದಲ್ಲ.

ನಮ್ಮಲ್ಲಿ ಈ ಬಗೆಯ ವಿಚಿತ್ರಗಳು ಕಡಮೆಯೆ? ಎಲೆಯಡಿಕೆಯೊಡನೆ ಬೆರಳುದ್ದ ಹೊಗೆಸೊಪ್ಪನ್ನು ಮಡಿಸಿ ಬಾಯಿಗಿಡುವ ಅಜ್ಜಿಯನ್ನು ಕಂಡು ನಾವು ಯಾರೂ ಹುಬ್ಬೇರಿಸಿದ್ದಿಲ್ಲ. ನಶ್ಯದ ಡಬ್ಬಿ ಮಡಿಯುಟ್ಟವರ ಸೊಂಟದಲ್ಲಿಯೂ ಇರುತ್ತಿದ್ದಿತು. ಮಂಗಳೂರಿನ ಕಡೆ ಸಾವಿರಾರು ಹೆಣ್ಣುಮಕ್ಕಳು ತಮ್ಮ ಮನೆಯ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತಿ ಸಂಸಾರ ತೂಗಿಸಿದ್ದಾರೆ. ದಿನಕ್ಕೆ ನೂರಾರು ಬೀಡಿ ಸುತ್ತಬಹುದು. ಒಂದನ್ನು ಹಚ್ಚಿದರೆ ಮಾತ್ರ ಊರೇ ಎದ್ದು ನಿಲ್ಲುತ್ತದೆ.

ಹಾಗಾದರೆ ಸಿಂಗಪುರದಲ್ಲಿ ಅಜ್ಜಿಯ ಸಿಗರೇಟು ಮೊಮ್ಮಕ್ಕಳಿಗೆ ಅಪಮಾನವಾಗಿ ಕಂಡದ್ದು ಹೇಗೆ? ಬಂದವರು ನೆಲೆ ನಿಂತರು, ಅಷ್ಟೆ. ಗೂಡುಗಳ ಬದಲು ಸರ್ಕಾರದ ಎತ್ತರದ ವಸತಿಗಳು ಎದ್ದುವು. ಅವುಗಳಿಗೂ ಮಣ್ಣು ಹೊತ್ತವರಲ್ಲಿ ಕೆಂಪು ರುಮಾಲಿನವರು ಇದ್ದರು. ಯಂತ್ರಗಳು ಬಂದು ಅವರ ಕೆಲಸ ಹೋಯಿತು. ಶಾಲೆ, ಪರೀಕ್ಷೆ, ಕಛೇರಿಯ ಉದ್ಯೋಗಗಳೊಂದಿಗೆ ಹೊಸ ಮರ್ಯಾದೆ ಬೆಳೆಯಿತು. ಸರ್ಕಾರ 1970ರಲ್ಲಿಯೇ ಸಿನಿಮಾ ಮಂದಿರ ಮತ್ತು ಬಸ್ಸುಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಮರುವರ್ಷ ತಂಬಾಕಿನ ಜಾಹೀರಾತುಗಳು ನಿಂತುವು. 2021ರಿಂದ ಇಪ್ಪತ್ತೊಂದು ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಈಗ ಅಲ್ಲಿನ ಹೆಂಗಸರಲ್ಲಿ ನೂರಕ್ಕೆ ಐವರು ಕೂಡ ಸೇದುವವರಿಲ್ಲ. ಇದರಲ್ಲಿ ಸರ್ಕಾರದ ಕಟ್ಟುಪಾಡಿನ ಪಾಲೆಷ್ಟೋ ಮರ್ಯಾದೆಯ ಭಯದ ಪಾಲೂ ಅಷ್ಟೇ ಇದ್ದೀತು. ಇತ್ತ 1986ರಲ್ಲಿ ದೂರದರ್ಶನದ ಧಾರಾವಾಹಿಯೊಂದು ಈ ಹೆಂಗಸರನ್ನು ಮನೆಮನೆಯ ಮಾತಾಗಿಸಿತು. ಅವರು ದೇಶ ಕಟ್ಟಿದ ಮಾತೆಯರಾದರು, ಗೊಂಬೆಗಳಾದರು, ಶಿಲ್ಪಗಳಾದರು. ನಗರ ಪ್ರಾಧಿಕಾರದ ಕಛೇರಿಯ ಮುಂದೆಯೇ ಹೊರೆ ಹೊತ್ತ ಸಾಮ್‌ಸುಯಿ ಹೆಂಗಸರ ಪ್ರತಿಮೆಗಳಿವೆ. ಕೆಲವು ನಿಮಿಷಗಳ ನಡಿಗೆಯ ಅಂತರದಲ್ಲಿ ಎರಡನ್ನೂ ನೋಡಬಹುದು. ದುಡಿಯುತ್ತಿರುವಳಿಗೆ ಸ್ವಾಗತ, ದುಡಿದು ಕುಳಿತವಳಿಗೆ ನೋಟೀಸು.

ಈ ಮಾತನ್ನು ನಾನು ಆಡಿದಾಗ ಜೊತೆಯಲ್ಲಿದ್ದ ನನ್ನ ತಮ್ಮನ ಮಗಳು ನಕ್ಕಳು. ಅವಳು ಅಲ್ಲಿ ಉದ್ಯೋಗಕ್ಕೆಂದು ಹೋಗಿ ಆರು ವರ್ಷಗಳಾಗಿವೆ.

“ಅತ್ತೆ, ನೀವು ಗೋಡೆಯ ಮೇಲಿನವಳ ಪರವಾಗಿ ಇಷ್ಟು ವಾದಿಸುತ್ತೀರಿ. ನಾಳೆ ನಾನು ಹಚ್ಚಿದರೆ?”

“ಮೊದಲು ನಿಮ್ಮಪ್ಪನಿಗೆ ಕಾಗದ ಬರೆಯುತ್ತೇನೆ,” ಎಂದೆ.

“ನೋಡಿದಿರಾ!” ಎಂದವಳು ಒಂದು ಸಂಗತಿ ಹೇಳಿದಳು. ಅವಳ ಕಛೇರಿಯಲ್ಲಿ ನಮ್ಮ ಸೀಮೆಯವಳೇ ಆದ ಹುಡುಗಿಯೊಬ್ಬಳಿದ್ದಾಳೆ. ಊಟದ ಬಿಡುವಿನಲ್ಲಿ ಗುರುತು ಹಾಕಿದ ಜಾಗದಲ್ಲಿ ನಿಂತು ಒಂದು ಸಿಗರೇಟು ಸೇದುತ್ತಾಳೆ. ಊರಿಗೆ ಹೊರಡುವ ಹದಿನೈದು ದಿನ ಮೊದಲು ನಿಲ್ಲಿಸಿಬಿಡುತ್ತಾಳೆ. ಬಟ್ಟೆಗಳನ್ನೆಲ್ಲ ಹೊಸದಾಗಿ ಒಗೆಸುತ್ತಾಳೆ. ಊರಿನಲ್ಲಿ ಇದ್ದಷ್ಟು ದಿನವೂ ಬೇಕೆನಿಸುವುದೇ ಇಲ್ಲವಂತೆ. ಮರಳಿ ವಿಮಾನ ಇಳಿದ ಮರುದಿನ ಬೇಕೆನಿಸುತ್ತದೆ.

“ಚಟವಾದರೆ ಅಲ್ಲಿಯೂ ಬೇಕೆನಿಸಬೇಡವೆ?” ಎಂದು ನಾನು ಕೇಳಿದೆ.

“ಅವಳನ್ನೂ ಅದನ್ನೇ ಕೇಳಿದೆ ಅತ್ತೆ. ಊರಿನಲ್ಲಿ ತನಗೆ ತನ್ನದೇ ಆದ ಹತ್ತು ನಿಮಿಷ ಇರುವುದಿಲ್ಲ, ಅದಕ್ಕೆ ಇರಬೇಕು ಎಂದಳು.”

ದೇಶಾಂತರ ಹೋದ ಹೆಂಗಸರ ಈ ಬಗೆಯ ನಡೆಯನ್ನು ವಿದ್ವಾಂಸರೂ ಗಮನಿಸಿದ್ದಾರೆ. ಅಮೆರಿಕಕ್ಕೆ ಹೋದ ಏಷ್ಯದವರಲ್ಲಿ ಆ ದೇಶದ ಭಾಷೆಗೂ ನಡವಳಿಕೆಗೂ ಹೊಂದಿಕೊಂಡಷ್ಟೂ ಗಂಡಸರು ಸೇದುವುದು ಕಡಮೆಯಾಗುತ್ತದೆ, ಹೆಂಗಸರು ಸೇದುವುದು ಹೆಚ್ಚುತ್ತದೆ. ಗಂಡಸು ಹೊಗೆಯ ಊರಿನಿಂದ ಹೊಗೆಯನ್ನು ಒಪ್ಪದ ಊರಿಗೆ ಹೋಗುತ್ತಾನೆ. ಹೆಂಗಸು ಬೇಡವೆಂಬ ಊರಿನಿಂದ, ನಿನ್ನ ಇಷ್ಟ ಎಂಬ ಊರಿಗೆ. ಎಲ್ಲ ಕಡೆಯೂ ಹೀಗೆಯೇ ಎನ್ನುವಂತಿಲ್ಲ. ಇಂಗ್ಲೆಂಡಿನಲ್ಲಿ 2004ರಲ್ಲಿ ನಡೆದ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿನ ಬಂಗ್ಲಾದೇಶೀ ಹೆಂಗಸರಲ್ಲಿ ಸಿಗರೇಟು ಸೇದುವವರು ನೂರಕ್ಕೆ ಇಬ್ಬರು. ಹೊಗೆಸೊಪ್ಪು ಜಗಿಯುವವರು ನೂರಕ್ಕೆ ಹದಿನಾರು. ಅವರು ತಮ್ಮ ಓಣಿಯನ್ನೇ ಲಂಡನ್ನಿಗೆ ಕೊಂಡೊಯ್ದವರು. ಓಣಿಯ ಕಣ್ಣುಗಳೂ ಜೊತೆಗೆ ಹೋದುವು. ಸಾಮ್‌ಸುಯಿ ಹೆಂಗಸಿನೊಡನೆ ಹೋದದ್ದು ತನ್ನಂಥ ಹೆಂಗಸರು ಮಾತ್ರ.

ಇಷ್ಟು ಬರೆದ ಮೇಲೆ ಸಿಗರೇಟಿನ ಹೊಗಳುಭಟ್ಟಳೆಂಬ ಅಪವಾದ ನನಗೆ ಬೇಡ. ಸ್ವಂತವಾದ ಹತ್ತು ನಿಮಿಷಕ್ಕೆ ಶ್ವಾಸಕೋಶವನ್ನು ಬೆಲೆಯಾಗಿ ತೆರುವುದು ನಷ್ಟದ ವ್ಯಾಪಾರ. ಗೋಡೆಯ ಚಿತ್ರವನ್ನು ಕಂಡು ಆರೋಗ್ಯ ಖಾತೆಯವರು ಕಳವಳಪಟ್ಟುದನ್ನು ನಾನು ಹಾಸ್ಯ ಮಾಡಲಾರೆ; ಆ ಕಳವಳ ಹೆಂಗಸಿಗೂ ಗಂಡಸಿಗೂ ಒಂದೇ. ಬಾಯಿಯ ಹೊಗೆಸೊಪ್ಪನ್ನೂ ಅವರು ಬಿಟ್ಟಿಲ್ಲ. 2016ರಿಂದ ಗುಟಕಾ, ಖೈನಿ, ಜರದಾ, ನಶ್ಯ ಎಲ್ಲಕ್ಕೂ ಅಲ್ಲಿ ನಿಷೇಧ. ನಮ್ಮ ಅಜ್ಜಿಯ ಸಂಚಿಗೂ ಸುಂಕದ ಕಟ್ಟೆಯಲ್ಲಿ ತಡೆ ಬಿದ್ದೀತು. ಆದರೆ ದೂರು ಕೊಟ್ಟವರ ಕಳವಳ ಶ್ವಾಸಕೋಶದ್ದಲ್ಲ, ಶೀಲದ್ದು. ಇವೆರಡು ಒಂದೇ ಅಂಗಿ ತೊಟ್ಟುಕೊಂಡು ಬರುವುದರಿಂದ ಯಾವುದು ಯಾವುದೆಂದು ಗುರುತಿಸುವುದು ಕಷ್ಟ. ಗುರುತಿಸಲು ಒಂದು ಉಪಾಯವಿದೆ: ಅದೇ ಗೋಡೆಯ ಮೇಲೆ ಅದೇ ಸಿಗರೇಟು ಹಿಡಿದ ಒಬ್ಬ ಗಾಡಿ ಎಳೆಯುವ ಮುದುಕನಿದ್ದಿದ್ದರೆ ಆ ದೂರು ಬರುತ್ತಿದ್ದಿತೆ?

ಕೆಂಪು ರುಮಾಲಿನವರಲ್ಲಿ ಕೆಲವರು ಮುಪ್ಪಿನಲ್ಲಿ ಸಾನ್‌ಶ್ವೇಗೆ ಮರಳಿದರು. ಬಹುಮಂದಿ ಈ ಕೇರಿಯಲ್ಲಿಯೇ ಕಣ್ಣು ಮುಚ್ಚಿದರು. ಅವರು ಬರೆಸಿದ ಕಾಗದಗಳಲ್ಲಿ ಹಣದ ಲೆಕ್ಕ, ಅಕ್ಕಿಯ ಬೆಲೆ, ಮಗನ ಮದುವೆ, ಹಿರಿಯರಿಗೆ ನಮಸ್ಕಾರ ಎಲ್ಲವೂ ಇದ್ದಿರಬೇಕು. ಸಂಜೆ ಗೂಡಿನ ಮುಂದೆ ಕುಳಿತು ಹಚ್ಚಿಕೊಂಡ ಸಿಗರೇಟಿನ ಸುದ್ದಿಯನ್ನು ಯಾವಳೂ ಬರೆಸಿರಲಾರಳು. ಕಾಗದವೊಂದಕ್ಕೆ ಇಷ್ಟೆಂದು ಹಣ ತೆರಬೇಕಾಗಿದ್ದಾಗ ಅಂಥದನ್ನು ಬರೆಸುವವರು ಯಾರು?